ಮಗು ಬಂದು ಹೇಳಿದ ಮೇಲೆ ನಾವೇನು ಮಾಡುತ್ತೇವೆ?

ಇಬ್ಬರ ಅಮ್ಮ: ಮಗಳ ಕ್ಲಾಸಿನ ಒಬ್ಬ ಹುಡುಗಿಗೆ ಸ್ವಲ್ಪ ತೊದಲು. ಅವಳು ಬಾಯಿ ತೆರೆದರೆ ಸಾಕು, ನಾಲ್ಕೈದು ಮಂದಿ ಅಣಕಿಸಿ ನಗುತ್ತಾರಂತೆ. ಆಟಕ್ಕೂ ಸೇರಿಸಿಕೊಳ್ಳುವುದಿಲ್ಲ. ದಿನಾ ಇದೇ. ‘ಟೀಚರಿಗೆ ಹೇಳು’ ಅಂದೆ. ‘ಹೇಳಿದರೆ ನಾಳೆಯಿಂದ ನನ್ನನ್ನೂ ದೂರ ಇಡುತ್ತಾರೆ’ ಅಂದಳು. ಅವಳ ಭಯ ಸುಳ್ಳಲ್ಲ. ಮಕ್ಕಳಿಗೆ ಈ ಧೈರ್ಯ ಬರಿಸುವುದು ಹೇಗೆ?

ನೇರಮಾತು: ಸುಮ್ನೆ ದೊಡ್ಡದು ಮಾಡುತ್ತಿದ್ದೀರಿ ಅನ್ನಿಸುತ್ತದೆ. ಮಕ್ಕಳು ಜಗಳ ಆಡುತ್ತಾರೆ, ಸಂಜೆಗೆ ಒಂದಾಗುತ್ತಾರೆ. ಎಲ್ಲದಕ್ಕೂ ದೂರು ಹೇಳುವುದನ್ನು ಕಲಿಸಿದರೆ ಸ್ವಂತ ಕಾಲ ಮೇಲೆ ನಿಲ್ಲುವುದು ಯಾವಾಗ? ತಿರುಗಿಸಿ ಕೊಡುವುದನ್ನು ಕಲಿಯಲಿ.

ಮೇಷ್ಟ್ರು: ಜಗಳ ಬೇರೆ, ಕಾಟ ಬೇರೆ. 1970ರ ದಶಕದಿಂದ ಇದನ್ನೇ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಡ್ಯಾನ್ ಓಲ್ವೆಯಸ್ ಮೂರು ಗುರುತು ಕೊಟ್ಟಿದ್ದಾರೆ. ಬೇಕಂತಲೇ ನೋಯಿಸುವುದು, ಮತ್ತೆ ಮತ್ತೆ ನೋಯಿಸುವುದು, ನೋಯುವವರಿಗೆ ತಡೆಯುವ ಬಲ ಇಲ್ಲದಿರುವುದು. ಇಲ್ಲಿ ಮೂರೂ ಇವೆ. ಒಬ್ಬಳ ಎದುರು ಐದು ಜನ, ಅದೂ ಮಾತೇ ಕಷ್ಟವಾದ ಹುಡುಗಿ. ಏನು ತಿರುಗಿಸಿ ಕೊಡುತ್ತಾಳೆ? ನಾನು ಮಕ್ಕಳನ್ನು ಕೇಳುವುದು ಇಷ್ಟೇ: ‘ಎಲ್ಲರೂ ನಗುತ್ತಿದ್ದಾರಾ, ಒಬ್ಬರನ್ನು ಬಿಟ್ಟು ನಗುತ್ತಿದ್ದಾರಾ?’ ಸಣ್ಣ ಮಕ್ಕಳಿಗೂ ತಕ್ಷಣ ಗೊತ್ತಾಗುತ್ತದೆ.

ನೀಲಿ ಪೆನ್ಸಿಲ್: ಗುರುತಿಸಿ ಹೇಳಿದ ಮೇಲೆ? ನನ್ನ ತಮ್ಮ ಹೇಳಿದ್ದ. ಟೀಚರ್ ಇಬ್ಬರನ್ನೂ ಬೋರ್ಡಿನ ಮುಂದೆ ನಿಲ್ಲಿಸಿ ಕೈ ಕುಲುಕಿಸಿದರು. ಕ್ಲಾಸೆಲ್ಲ ಚಪ್ಪಾಳೆ. ಮಾರನೇ ದಿನದಿಂದ ಏಟು ಟಾಯ್ಲೆಟ್ ಹಿಂದೆ ಬೀಳತೊಡಗಿತು. ಆಮೇಲೆ ಅವನು ಮನೆಯಲ್ಲೂ ಬಾಯಿ ಬಿಡಲಿಲ್ಲ. ಧೈರ್ಯ ಕಮ್ಮಿ ಇದ್ದದ್ದು ಅವನಿಗಲ್ಲ.

ಮೇಷ್ಟ್ರು: ನಿಜ. ಕೈ ಕುಲುಕಿಸುವುದು ಸಮಬಲದವರ ಜಗಳಕ್ಕೆ ಸರಿ. ಇಂಥ ಕಡೆ ಇಬ್ಬರ ಹತ್ತಿರವೂ ಬೇರೆ ಬೇರೆಯಾಗಿ ಮಾತಾಡಬೇಕು. ಹೇಳಿದವರ ಹೆಸರು ಹೊರಗೆ ಬರಬಾರದು. ಒಂದು ವಾರ ಬಿಟ್ಟು ಮಗುವನ್ನು ಮತ್ತೆ ವಿಚಾರಿಸಬೇಕು. ನಾವು ಶಿಕ್ಷಕರು ಜಾಸ್ತಿ ಮರೆಯುವುದು ಇದನ್ನೇ.

ನೇರಮಾತು: ಒಬ್ಬಳ ಎದುರು ಐದು ಜನ ಅನ್ನುವುದನ್ನು ಒಪ್ಪಿದೆ. ಆದರೂ ಪ್ರತಿ ಸಲ ದೊಡ್ಡವರೇ ಬರಬೇಕಾ? ಜೊತೆಯ ಮಕ್ಕಳು ತಡೆಯಬಹುದಲ್ವಾ?

ಓದುಗಾತಿ: ತಡೆಯಬಹುದು. ಕೆನಡಾದ ಶಾಲಾ ಮೈದಾನಗಳಲ್ಲಿ ವಿಡಿಯೊ ಮಾಡಿ ನೋಡಿದ ಒಂದು ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಕಾಟ ನಡೆದಾಗ ಬಹುತೇಕ ಸಲ ಸುತ್ತ ಬೇರೆ ಮಕ್ಕಳು ಇದ್ದೇ ಇದ್ದರು. ಮಧ್ಯೆ ಬಂದವರು ಕಮ್ಮಿ. ಆದರೆ ಬಂದಾಗ ಅರ್ಧಕ್ಕಿಂತ ಜಾಸ್ತಿ ಸಲ 10 ಸೆಕೆಂಡಿನೊಳಗೆ ಕಾಟ ನಿಂತಿತ್ತು! ಇಂಥ ಕಾಟ ತಡೆಯಲು ಫಿನ್‌ಲ್ಯಾಂಡಿನ ಶಾಲೆಗಳಲ್ಲಿರುವ ‘ಕಿವಾ’ ಕಾರ್ಯಕ್ರಮವೂ ಸುಮ್ಮನೆ ನೋಡುತ್ತಾ ನಿಲ್ಲುವ ಮಕ್ಕಳಿಗೇ ಒತ್ತು ಕೊಡುತ್ತದೆ. ಎದುರು ನಿಂತು ಬೈಯಬೇಕೆಂದೇನಿಲ್ಲ. ನಗದೇ ಇರುವುದು, ‘ಬಾ, ನಮ್ಮ ಜೊತೆ ಕೂತ್ಕೋ’ ಅನ್ನುವುದು, ಇಷ್ಟು ಎಳೆಯ ಮಕ್ಕಳೂ ಮಾಡಬಲ್ಲರು. ಹೊಡೆತ, ಬೆದರಿಕೆ ಇದ್ದರೆ ಮಾತ್ರ ಮಧ್ಯೆ ಹೋಗದೆ ನೇರ ದೊಡ್ಡವರ ಹತ್ತಿರ ಓಡಬೇಕು.

ಇಬ್ಬರ ಅಮ್ಮ: ನಾಳೆ ಆ ಹುಡುಗಿ ಪಕ್ಕ ಕೂತು ಊಟ ಮಾಡು, ಗೆಳತಿಯೊಬ್ಬಳನ್ನೂ ಕರೆದುಕೋ ಅಂತೀನಿ. ಟೀಚರ್ ಹತ್ತಿರ ನಾನೇ ಹೋಗುತ್ತೇನೆ. ಮಗಳ ಹೆಸರು ಎತ್ತಬೇಡಿ ಅಂತ ಮೊದಲೇ ಕೇಳಿಕೊಳ್ಳುತ್ತೇನೆ. ‘ಇದೆಲ್ಲ ಮಾಮೂಲಿ’ ಅಂದುಬಿಟ್ಟರೆ?

ಮೇಷ್ಟ್ರು: ಯಾವ ದಿನ, ಎಲ್ಲಿ, ಏನು ನಡೆಯಿತು ಅಂತ ಬರೆದು ಕೊಡಿ. ಆಗಲೂ ಕೇಳದಿದ್ದರೆ ಮುಖ್ಯ ಶಿಕ್ಷಕರ ಹತ್ತಿರ ಹೋಗಿ. ಮಗಳಿಗೂ ಹೇಳಿಡಿ, ಒಬ್ಬರು ಕಿವಿಗೆ ಹಾಕಿಕೊಳ್ಳದಿದ್ದರೆ ಇನ್ನೊಬ್ಬರಿಗೆ ಹೇಳಬೇಕು ಅಂತ.