ದೀಪದ ಬೆಳಕು ಗ್ಲೋನಾ, ಶೈನಾ? ನಮ್ಮ ಮನೆ ಗುಂಪಿನ ಜಗಳ

ಮಾವ: (ಫೋಟೊ: ದೀಪ ಹಿಡಿದ ಹೆಂಗಸು) ದಿನಕ್ಕೊಂದು ಇಂಗ್ಲಿಷ್ ಪದ. ಗ್ಲೋ = ಶೈನ್ = ಹೊಳೆಯುವುದು. ಚಿತ್ರ: ರಾಜಾ ರವಿವರ್ಮ. ಮಕ್ಕಳಿಗೆ ಓದಿಸಿ 🙏

ಪುಟ್ಟಿ: ಮಾವ, ಎರಡೂ ಬೇರೆ ಅಂತ ನಮ್ ಮಿಸ್ ಹೇಳಿದ್ರು. ನಾಳೆ ಟೆಸ್ಟ್ ಬೇರೆ ಇದೆ.

ಮಾವ: ಎರಡೂ ಬೆಳಕೇ ತಾನೆ ಕಂದ. ಅಷ್ಟೆಲ್ಲಾ ಕೂದಲು ಸೀಳಬಾರದು.

ಅತ್ತೆ, ಮಂಡ್ಯ: ಸೀಳಲೇಬೇಕು. ಮೊದಲು ಚಿತ್ರದ ವಿಷಯ. ಇದು ಮೈಸೂರಲ್ಲೇ, ಜಗನ್ಮೋಹನ ಅರಮನೆಯಲ್ಲಿರೋದು. ಬರೆದವರು ಸಾವಂತವಾಡಿ ಕಡೆಯ ಎಸ್. ಎಲ್. ಹಲ್ದಂಕರ್. ರವಿವರ್ಮ ತೀರಿಕೊಂಡಿದ್ದು 1906ರಲ್ಲಿ, ಚಿತ್ರ 1945-46ರದ್ದು. ದೀಪ ಹಿಡಿದು ನಿಂತಿರೋಳು ಹಲ್ದಂಕರ್ ಮಗಳು ಗೀತಾ. ಒಬ್ಬ ಕಲಾವಿದನ ಹೆಸರು ಅಳಿಸಿ ಇನ್ನೊಬ್ಬರದ್ದು ಅಂಟಿಸೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಇನ್ನು ಪದ. ಈ ಚಿತ್ರದ ಇಂಗ್ಲಿಷ್ ಹೆಸರೇ ‘ಗ್ಲೋ ಆಫ್ ಹೋಪ್’. ಫೋಟೊ ದೊಡ್ಡದು ಮಾಡಿ ಕೈ ಮಾತ್ರ ನೋಡಿ. ಕುಡಿಗೆ ಅಡ್ಡ ಹಿಡಿದ ಬೆರಳು ಕೆಂಪಗಾಗಿವೆ. ಬೆಳಕು ರಕ್ತದ ಮೂಲಕ ಹಾಯುವಾಗ ನೀಲಿ, ಹಸಿರು ಹೆಚ್ಚುಕಮ್ಮಿ ಅಲ್ಲೇ ಹೀರಿಹೋಗಿ ಕೆಂಪು ಆಚೆ ಬರುತ್ತೆ. ಪುಟ್ಟಿ, ಮೊಬೈಲ್ ಟಾರ್ಚ್ ಮೇಲೆ ಬೆರಳು ಇಟ್ಟು ನೋಡು. ಆ ಕೆಂಪು ಗ್ಲೋ. ಬೆರಳು ತೆಗೆದ ತಕ್ಷಣ ಕಣ್ಣಿಗೆ ಹೊಡೆಯುತ್ತಲ್ಲ, ಅದು ಶೈನ್.

ಭಾವ: ಅಂದ್ರೆ ಒಳಗಿಂದ ಬಂದ್ರೆ ಗ್ಲೋ, ಮೇಲೆ ಬಿದ್ದು ಹೊಳೆದ್ರೆ ಶೈನ್. ಹೀಗೇ ಬರೆದುಬಿಡು ಪುಟ್ಟಿ.

ಅತ್ತೆ, ಮಂಡ್ಯ: ಹಾಗೆ ಬರೆದ್ರೆ ಸಿಕ್ಕಿಬೀಳ್ತಾಳೆ! ಸೂರ್ಯನದ್ದು ಸ್ವಂತ ಬೆಳಕು, ಆದರೂ ‘ದಿ ಸನ್ ಶೈನ್ಸ್’. ಬೆಳಕು ಎಲ್ಲಿಂದ ಬಂತು ಅನ್ನೋದಲ್ಲ, ಹೇಗಿದೆ ಅನ್ನೋದು ಮುಖ್ಯ. ಗ್ಲೋ ಮೆತ್ತಗೆ, ಒಂದೇ ಸಮ ಇರುತ್ತೆ, ಎಷ್ಟೋ ಸಲ ಬಿಸಿಯೂ ಜೊತೆಗಿರುತ್ತೆ. ಉರಿ ಆರಿದ ಮೇಲೂ ಕೆಂಡ ನಿಗಿನಿಗಿ ಅಂತಿರುತ್ತಲ್ಲ, ಹಾಗೆ. ಶೈನ್ ಪ್ರಖರ. ಬಿಸಿಲಿಗೂ ಅದೇ, ಬೆಳಗಿಟ್ಟ ಹಿತ್ತಾಳೆಗೂ ಅದೇ. ಟೆಸ್ಟಲ್ಲಿ ಭೂತಕಾಲ ಕೇಳಿದ್ರೆ: ಸೂರ್ಯ ‘ಶೋನ್’, ಬೂಟು ಪಾಲಿಶ್ ಮಾಡಿದ್ರೆ ‘ಶೈನ್ಡ್’. ಗ್ಲೋಗೆ ‘ಗ್ಲೋಡ್’ ಅಷ್ಟೇ.

ಮಾವ: ಹಾಗಾದ್ರೆ ಭಾನುವಾರ ಸಂಜೆ ಮೈಸೂರಿನ ದೊಡ್ಡ ಅರಮನೆ ದೀಪ? ಹೆಚ್ಚುಕಮ್ಮಿ ಲಕ್ಷ ಬಲ್ಬು. ಅದು ಏನು ಹೇಳು.

ಅತ್ತೆ, ಮಂಡ್ಯ: ಒಳ್ಳೇ ಪ್ರಶ್ನೆ. ಅಂಗಳದಲ್ಲಿ ನಿಂತ್ರೆ ಒಂದೊಂದು ಬಲ್ಬೂ ಬಿಡಿಬಿಡಿಯಾಗಿ ಕಣ್ಣಿಗೆ ಬೀಳುತ್ತೆ, ನಾನಾದ್ರೆ ಶೈನ್ ಅಂತೀನಿ. ಚಾಮುಂಡಿ ಬೆಟ್ಟದಿಂದ ನೋಡಿದ್ರೆ ಬಲ್ಬೇ ಕಾಣಲ್ಲ, ಅರಮನೆ ಪೂರ್ತಿ ಚಿನ್ನದ ಬಣ್ಣಕ್ಕೆ ತಿರುಗಿರುತ್ತೆ. ಅಲ್ಲಿಂದ ಗ್ಲೋ.

ಮಾವ: ಎರಡೂ ನಡೆಯುತ್ತೆ ಅಂದ್ಮೇಲೆ ನಾನು ಹೇಳಿದ್ದೇ ಆಯ್ತಲ್ಲ!

ಅತ್ತೆ, ಮಂಡ್ಯ: ಖಂಡಿತ ಆಗಲಿಲ್ಲ. ನೀವು ಬೆಟ್ಟ ಹತ್ತಿದ್ದಕ್ಕೆ ಪದ ಬದಲಾಯ್ತು. ಎರಡೂ ಒಂದೇ ಆಗಿದ್ರೆ ಯಾಕೆ ಬದಲಾಗಬೇಕು?

ಪುಟ್ಟಿ: ಅತ್ತೆ, ಬೆರಳು ನಿಜವಾಗ್ಲೂ ಕೆಂಪಗೆ ಕಾಣ್ತು!! ಉಗುರಿನ ಸುತ್ತ ಇನ್ನೂ ಜಾಸ್ತಿ.

ಅತ್ತೆ, ಮಂಡ್ಯ: ನೋಡಿದ್ಯಾ! ಅದನ್ನೇ ವಾಕ್ಯ ಮಾಡಿ ಬರಿ. ಮಾವ, ಈ ಫೋಟೊ ಯಾವ್ಯಾವ ಗುಂಪಿಗೆ ಹೋಗಿದೆಯೋ ಅಲ್ಲೆಲ್ಲಾ ಹಲ್ದಂಕರ್ ಹೆಸರು ಹಾಕಿ ಮತ್ತೆ ಕಳಿಸಿ.

ಮಾವ: ಹೆಸರು ಈಗಲೇ ಸರಿ ಮಾಡ್ತೀನಿ. ಪದದ ವಾದ ಬಿಡಲ್ಲ, ಭಾನುವಾರ ಊಟಕ್ಕೆ ಬಾ.