ನೆಲದಡಿಯ ಮಾಸ್ಟರ್ ಸಿಲಿಂಡರ್‌ಗೆ ಬ್ರೇಕ್ ಆಯಿಲ್ ಹಾಕುವುದು ಹೇಗೆ?

ಪ್ರಶ್ನೆ: ನನ್ನ ಬಳಿ 1950ರ ದಶಕದ ಮಾರಿಸ್ ಮೈನರ್ ಕಾರು ಇದೆ. ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಬ್ರೇಕ್‌ಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಇದರಲ್ಲಿ ಬಾನೆಟ್ ಒಳಗಿಲ್ಲ. ಚಾಲಕನ ಕಾಲ ಕೆಳಗೆ, ಷಾಸಿಯೊಳಗೆ ಅಡಗಿ ಕುಳಿತಿದೆ. ಕಾರ್ಪೆಟ್ ಎತ್ತಿದರೆ ಒಂದು ಕಿಂಡಿ, ಅದರ ಆಳದಲ್ಲಿ ಮುಚ್ಚಳ. ಡಬ್ಬಿ ಬಗ್ಗಿಸಲು ಜಾಗವಿಲ್ಲ, ಒಳಗೆ ಎಷ್ಟಿದೆ ಎಂಬುದು ಕಾಣುವುದೂ ಇಲ್ಲ. ತಿಂಗಳಿಗೊಮ್ಮೆಯಾದರೂ ಆಯಿಲ್ ಹಾಕಬೇಕಾಗುತ್ತಿದೆ. ಇಂಥ ಕಾರು ಇಟ್ಟುಕೊಂಡವರು ಹೇಗೆ ನಿಭಾಯಿಸುತ್ತೀರಿ? ಬಾನೆಟ್ ಒಳಗೆ ಬೇರೆ ಡಬ್ಬಿ ಕೂರಿಸಿ ಪೈಪ್ ಎಳೆದುಕೊಂಡರೆ ಹೇಗೆ?

ಉತ್ತರ 1: ಈ ಕಷ್ಟ ಮೈನರ್‌ನದು ಮಾತ್ರವಲ್ಲ. 1939ರಲ್ಲಿ ಹೈಡ್ರಾಲಿಕ್ ಬ್ರೇಕ್‌ಗೆ ಬದಲಾದ ಫೋರ್ಡ್, ಯುದ್ಧಕಾಲದ ವಿಲ್ಲಿಸ್ ಜೀಪ್ ಎಲ್ಲವೂ ಇದೇ ಜಾತಿ. ಆಗ ಪೆಡಲ್ ನೆಲವನ್ನು ತೂರಿಕೊಂಡು ಮೇಲೆ ಬರುತ್ತಿತ್ತು, ಹಾಗಾಗಿ ಸಿಲಿಂಡರ್ ಅದರ ಬುಡದಲ್ಲೇ ಇರಬೇಕಿತ್ತು. ನನ್ನದು ಹಳೆಯ ಜೀಪ್. ನನ್ನ ಮಟ್ಟಿಗೆ ಸುರಿಯುವುದು ಆಮೇಲಿನ ಮಾತು, ಮೊದಲು ನೋಡಿಕೊಳ್ಳಬೇಕಾದ್ದು ಕೊಳೆಯನ್ನು.

ಆ ಮುಚ್ಚಳದ ಮೇಲೆ ರಸ್ತೆಯ ಧೂಳು, ಗ್ರೀಸ್, ಕಾರ್ಪೆಟ್‌ನಿಂದ ಉದುರಿದ ಮರಳು ಎಲ್ಲ ಸೇರಿ ಗಟ್ಟಿಯಾಗಿ ಕೂತಿರುತ್ತದೆ. ಸ್ಪ್ಯಾನರ್ ಹಾಕಿ ತಿರುಗಿಸಿದ ಕ್ಷಣ ಅದು ಸೀದಾ ಒಳಗೆ ಬೀಳುತ್ತದೆ. ಸಿಲಿಂಡರ್‌ನಲ್ಲಿ ಸೂಜಿಮೊನೆಯಷ್ಟು ಸಣ್ಣ ರಂಧ್ರವೊಂದಿದೆ. ಪೆಡಲ್ ಬಿಟ್ಟಾಗ ಆಯಿಲ್ ಆ ದಾರಿಯಲ್ಲೇ ಮೇಲಿನ ತೊಟ್ಟಿಗೆ ಹಿಂದಿರುಗಬೇಕು. ಅದು ಕಟ್ಟಿಕೊಂಡರೆ ಬ್ರೇಕ್ ಹಿಡಿದುಕೊಂಡೇ ಇರುತ್ತದೆ, ಚಕ್ರದ ಬ್ರೇಕ್ ಡ್ರಮ್ ಕಾದು ವಾಸನೆ ಬರುತ್ತದೆ. ಆದ್ದರಿಂದ ಮೊದಲು ವ್ಯಾಕ್ಯೂಮ್ ಕ್ಲೀನರ್ ಹಿಡಿಯಿರಿ, ಆಮೇಲೆ ಬಣ್ಣ ಬಳಿಯುವ ಹಳೆಯ ಬ್ರಷ್, ಕೊನೆಗೆ ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆ. ಮುಚ್ಚಳ ತೆಗೆದ ಮೇಲೆ ಅದರಲ್ಲಿರುವ ಗಾಳಿಕಿಂಡಿಯನ್ನೂ ತೆಳುವಾದ ತಂತಿಯಿಂದ ಬಿಡಿಸಿ. ಅದು ಮುಚ್ಚಿಹೋಗಿದ್ದರೆ ಒಳಗಿನ ಆಯಿಲ್ ಸಲೀಸಾಗಿ ಕೆಳಗಿಳಿಯುವುದಿಲ್ಲ.

ಹಾಕುವುದಕ್ಕೆ ನಾನು ಬಳಸುವುದು ದೊಡ್ಡ ಸಿರಿಂಜ್, ಅದರ ಮೂತಿಗೆ ಗೇಣುದ್ದದ ಪಾರದರ್ಶಕ ಪೈಪ್. ಲಾಳಿಕೆಯನ್ನು ನಾನು ನಂಬುವುದಿಲ್ಲ. ತುಂಬಿತು ಎಂದು ನಮಗೆ ತಿಳಿಯುವ ಹೊತ್ತಿಗೆ ಅದರೊಳಗೆ ಇನ್ನೂ ಅರ್ಧ ಲೋಟ ಉಳಿದಿರುತ್ತದೆ. ಸಿರಿಂಜ್‌ನಲ್ಲಿ ಒತ್ತಿದಷ್ಟೇ ಇಳಿಯುತ್ತದೆ. ಪೈಪ್ ಹೊರಗೆಳೆಯುವ ಮುನ್ನ ಹಿಡಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಿ. ತುದಿಯಲ್ಲಿ ತೂಗುತ್ತಿದ್ದ ಹನಿ ಒಳಕ್ಕೆ ಸರಿದುಹೋಗುತ್ತದೆ, ಕಾರ್ಪೆಟ್ ಉಳಿಯುತ್ತದೆ. ಸಿರಿಂಜ್ ಹೊಸದಾಗಿರಲಿ, ಬೇರೆ ಯಾವುದಕ್ಕೂ ಬಳಸಬೇಡಿ. ಎಂಜಿನ್ ಆಯಿಲ್‌ನ ಅಂಶ ಸೇರಿದರೂ ಬ್ರೇಕ್‌ನ ರಬ್ಬರ್ ಸೀಲ್‌ಗಳು ಊದಿಕೊಳ್ಳುತ್ತವೆ. ಆಮೇಲೆ ಮಾಸ್ಟರ್‌ನಿಂದ ಹಿಡಿದು ನಾಲ್ಕೂ ಚಕ್ರಗಳವರೆಗೆ ಎಲ್ಲ ಸೀಲ್‌ಗಳನ್ನೂ ಬದಲಿಸುವ ಕೆಲಸ.

ಮಟ್ಟ ನೋಡಲು ವೈರ್ ಕಟ್ಟುವ ಬಿಳಿ ಪ್ಲಾಸ್ಟಿಕ್ ಪಟ್ಟಿ ಸಾಕು. ಅದರ ತಲೆ ಹೊರಗುಳಿಯುವಂತೆ ಹಿಡಿದು ನೇರವಾಗಿ ಇಳಿಸಿ, ಎತ್ತಿ ನೋಡಿ. ಬಾಯಿಯವರೆಗೆ ತುಂಬಬೇಡಿ, ಬಿಸಿಗೆ ಹಿಗ್ಗಲು ಜಾಗ ಬೇಕು. ಸಾಮಾನ್ಯವಾಗಿ ಬಾಯಿಯಿಂದ ಅರ್ಧ ಇಂಚು ಕೆಳಗೆ ನಿಲ್ಲಿಸುತ್ತಾರೆ, ನಿಮ್ಮ ಕಾರಿನ ಕೈಪಿಡಿ ಹೇಳುವುದೇ ಕೊನೆಯ ಮಾತು.

ಉತ್ತರ 2: ಆಗಾಗ ಸ್ವಲ್ಪ ಹಾಕುವುದಕ್ಕೆ ಸಿರಿಂಜ್ ಸರಿ. ಬ್ಲೀಡಿಂಗ್ ಮಾಡುವಾಗ, ಅಂದರೆ ಪೈಪ್‌ಗಳಲ್ಲಿ ಸೇರಿದ ಗಾಳಿಯನ್ನು ಹೊರಹಾಕುವಾಗ, ಅದರಿಂದ ಪೂರೈಸುವುದಿಲ್ಲ. ಆ ತೊಟ್ಟಿ ಬಹಳ ಚಿಕ್ಕದು, ಪೆಡಲ್ ಕೆಲವು ಸಲ ಒತ್ತುವಷ್ಟರಲ್ಲಿ ಬರಿದಾಗಿ ಗಾಳಿ ಎಳೆದುಕೊಳ್ಳುತ್ತದೆ, ಇಡೀ ಕೆಲಸ ಮತ್ತೆ ಮೊದಲಿನಿಂದ. ನಾನು ಉದ್ದ ಮೂತಿಯ ಪ್ಲಾಸ್ಟಿಕ್ ಬಾಟಲಿಯನ್ನು ತಲೆಕೆಳಗಾಗಿ ಇಳಿಸಿ, ಮೂತಿ ಸರಿಯಾದ ಮಟ್ಟದಲ್ಲಿ ನಿಲ್ಲುವಂತೆ ಕಟ್ಟಿಬಿಡುತ್ತೇನೆ. ಆಯಿಲ್ ಮೂತಿಗಿಂತ ಕೆಳಗಿಳಿದಾಗ ಗಾಳಿ ಒಳಗೆ ಹೋಗಿ ಅಷ್ಟೇ ಆಯಿಲ್ ಹೊರಬರುತ್ತದೆ, ಮಟ್ಟ ಮುಟ್ಟಿದ ಕೂಡಲೇ ತಾನಾಗಿ ನಿಲ್ಲುತ್ತದೆ. ಬಾಟಲಿ ಗಟ್ಟಿಯಾಗಿರಬೇಕು, ಮೆತ್ತಗಿದ್ದರೆ ಕೈ ತಾಗಿದರೂ ಉಕ್ಕುತ್ತದೆ.

ಚೆಲ್ಲಿದರೆ ಬರೀ ಒರೆಸಬೇಡಿ. ಡಾಟ್ ಎಂಬುದು ಬ್ರೇಕ್ ಆಯಿಲ್‌ನ ದರ್ಜೆ; ಡಾಟ್ 3, ಡಾಟ್ 4 ಎರಡೂ ಬಣ್ಣವನ್ನು ಎಬ್ಬಿಸಿಬಿಡುತ್ತವೆ. ಧಾರಾಳವಾಗಿ ನೀರು ಹಾಕಿ ತೊಳೆಯಿರಿ. ನೀರಿನಲ್ಲಿ ಸುಲಭವಾಗಿ ಬೆರೆತು ಹೋಗುತ್ತದೆ. ಆದರೆ ಮುಚ್ಚಳ ಮುಚ್ಚಿದ ಮೇಲೆಯೇ.

ಉತ್ತರ 3: ಬೇರೆ ಡಬ್ಬಿಯ ವಿಚಾರ. ನಾನು ಕೂರಿಸಿದ್ದೇನೆ, ಬಹಳ ಅನುಕೂಲವಾಗಿದೆ. ಹಳೆಯ ಮುಚ್ಚಳದ ಜಾಗಕ್ಕೆ ಅದೇ ಥ್ರೆಡ್‌ನ ಅಡಾಪ್ಟರ್, ಅಲ್ಲಿಂದ ಬಾನೆಟ್ ಒಳಗಿನ ಡಬ್ಬಿಗೆ ಪೈಪ್. ಡಬ್ಬಿ ಎಲ್ಲಕ್ಕಿಂತ ಮೇಲಿರಬೇಕು, ಪೈಪ್ ಎಲ್ಲೂ ಮೇಲಕ್ಕೆ ಡುಬ್ಬವಾಗದೆ ಏರುತ್ತಲೇ ಹೋಗಬೇಕು; ಇಲ್ಲದಿದ್ದರೆ ಡುಬ್ಬದಲ್ಲಿ ಗಾಳಿ ಕೂರುತ್ತದೆ. ಮಾಸ್ಟರ್‌ನ ಹಳೆಯ ಗಾಳಿಕಿಂಡಿ ಇನ್ನು ಇರಬಾರದು, ಡಬ್ಬಿಯ ಮುಚ್ಚಳದಲ್ಲಿ ಇರಬೇಕು. ಪೆಟ್ರೋಲ್ ಪೈಪ್ ಹಾಕಬೇಡಿ. ಅದರ ರಬ್ಬರ್ ಬ್ರೇಕ್ ಆಯಿಲ್‌ಗೆ ತಡೆಯುವುದಿಲ್ಲ, ಕರಗಿದ ಚೂರುಗಳು ನೇರ ಮಾಸ್ಟರ್‌ಗೆ ಬರುತ್ತವೆ. ಬ್ರೇಕ್ ಆಯಿಲ್‌ಗೆಂದೇ ಮಾಡಿದ ಪೈಪ್ ಕೇಳಿ ತನ್ನಿ. ಎಕ್ಸಾಸ್ಟ್ ಹತ್ತಿರ ಹಾಯಿಸಬೇಡಿ.

ಉತ್ತರ 4: ಮೇಲಿನವರ ಕೆಲಸ ಅಚ್ಚುಕಟ್ಟಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೂ ಪ್ರಶ್ನೆ ಕೇಳಿದವರಿಗೆ ಈಗಲೇ ಡಬ್ಬಿ ಕೂರಿಸಿ ಎಂದು ನಾನು ಹೇಳಲಾರೆ. ತಿಂಗಳಿಗೊಮ್ಮೆ ಹಾಕಬೇಕಾಗಿದೆ ಎಂದಿದ್ದೀರಿ. ಬ್ರೇಕ್ ಆಯಿಲ್ ಪೆಟ್ರೋಲ್‌ನಂತೆ ಖರ್ಚಾಗುವ ವಸ್ತುವಲ್ಲ. ಡ್ರಮ್‌ಗೆ ಒತ್ತಿಕೊಳ್ಳುವ ಬ್ರೇಕ್ ಶೂ ಸವೆದಂತೆ ಮಟ್ಟ ಅಷ್ಟಿಷ್ಟು ಇಳಿಯಬಹುದು, ಅದಕ್ಕೆ ತಿಂಗಳುಗಟ್ಟಲೆ ಬೇಕು. ನಿಮ್ಮದು ಎಲ್ಲೋ ಸೋರುತ್ತಿದೆ. ದೊಡ್ಡ ಡಬ್ಬಿ ಕೂರಿಸಿದರೆ ಆ ಸೋರಿಕೆ ಇನ್ನಷ್ಟು ದಿನ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ಈ ಕಾಲದ ಹೆಚ್ಚಿನ ಕಾರುಗಳಲ್ಲಿ ನಾಲ್ಕೂ ಚಕ್ರಗಳಿಗೆ ಆಯಿಲ್‌ನ ಒಂದೇ ಸರ್ಕ್ಯೂಟ್. ಒಂದು ಕಡೆ ಹೋದರೆ ಪೆಡಲ್ ನೆಲ ಮುಟ್ಟುತ್ತದೆ, ಉಳಿಯುವುದು ಹ್ಯಾಂಡ್‌ಬ್ರೇಕ್ ಮಾತ್ರ.

ಹುಡುಕುವಾಗ ಮಾಸ್ಟರ್‌ಗೆ ಪೆಡಲ್‌ನ ಕಡ್ಡಿ ಸೇರುವ ತುದಿಯ ರಬ್ಬರ್ ಟೋಪಿಯಿಂದ ಶುರುಮಾಡಿ. ಸೀಲ್ ಸೋತಿದ್ದರೆ ಒಳಗೆ ತೇವ ಇರುತ್ತದೆ, ಆದರೆ ಅದು ಷಾಸಿಯ ಒಳಗೇ ಹರಿದುಹೋಗುವುದರಿಂದ ನೆಲದ ಮೇಲೆ ಹನಿ ಕಾಣಿಸಬೇಕೆಂದಿಲ್ಲ. ಅಲ್ಲಿ ಒಣಗಿದ್ದರೆ ಒಂದೊಂದೇ ಡ್ರಮ್ ಬಿಚ್ಚಿ, ವೀಲ್ ಸಿಲಿಂಡರ್‌ನ ರಬ್ಬರ್ ಅಂಚನ್ನು ಮೆಲ್ಲಗೆ ಎತ್ತಿ ನೋಡಿ. ಒಳಗೆ ಹನಿ ನಿಂತಿದ್ದರೆ ಸಿಕ್ಕಿತು ಎಂದೇ ಅರ್ಥ. ಶೂ ನೆನೆದಿದ್ದರೆ ಒರೆಸಿ ಮತ್ತೆ ಹಾಕಬೇಡಿ, ಆ ಆ್ಯಕ್ಸಲ್‌ನ ಎರಡೂ ಬದಿಯ ಶೂಗಳನ್ನು ಬದಲಿಸಿ. ಲೋಹದ ಪೈಪ್‌ಗಳು ತುಕ್ಕು ಹಿಡಿದಿವೆಯೇ ಎಂದು ಕ್ಲಿಪ್‌ಗಳ ಅಡಿಯಲ್ಲಿ ನೋಡಿ, ಬಯಲಾಗಿರುವ ಕಡೆಯಲ್ಲಲ್ಲ.

ಇನ್ನೊಂದು: ಈಗ ಒಳಗಿರುವುದು ಯಾವ ಆಯಿಲ್ ಎಂದು ಹಿಂದಿನ ಮಾಲೀಕರನ್ನು ಕೇಳಿಕೊಳ್ಳಿ. ಹಳೆಯ ಕಾರುಗಳಿಗೆ ಸಿಲಿಕೋನ್ ಆಧಾರಿತ ಡಾಟ್ 5 ಹಾಕುವವರಿದ್ದಾರೆ. ಸಾಮಾನ್ಯವಾಗಿ ಅದು ನೇರಳೆ ಬಣ್ಣದಲ್ಲಿರುತ್ತದೆ; ಡಾಟ್ 3, 4ರ ಜೊತೆ ಬೆರೆಸುವಂತಿಲ್ಲ. ಡಾಟ್ 5.1 ಹೆಸರಿನಲ್ಲಿ ಹತ್ತಿರವಿದ್ದರೂ ಅದು 3, 4ರ ಕುಲದ್ದು. ಸೋರಿಕೆ ಸರಿಯಾಗುವವರೆಗೆ ಕಾರನ್ನು ರಸ್ತೆಗೆ ಇಳಿಸಬೇಡಿ. ಸರಿಯಾದ ಮೇಲೆ ಹಳೆಯದನ್ನೆಲ್ಲ ತೆಗೆದು, ಸೀಲ್ ಒಡೆಯದ ಹೊಸ ಡಬ್ಬಿಯಿಂದ ತುಂಬಿ. ಅರ್ಧ ಉಳಿದ ಹಳೆಯ ಡಬ್ಬಿ ಗಾಳಿಯ ತೇವ ಹೀರಿಕೊಂಡಿರುತ್ತದೆ. ಒಣ ಡಾಟ್ 4 ಕುದಿಯುವುದು 230 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಮೇಲೆ. ತೇವ ಸೇರಿದ ಆಯಿಲ್‌ಗೆ ಡಾಟ್ 4 ಮಾನದಂಡ ಕೇಳುವುದು 155 ಮಾತ್ರ. ಆಮೇಲೆಯೂ ಬಗ್ಗಿ ನೋಡುವುದು ಬೇಸರ ಎನಿಸಿದರೆ ಡಬ್ಬಿ ಕೂರಿಸಿಕೊಳ್ಳಿ, ನನ್ನ ತಕರಾರಿಲ್ಲ.