ಸಹಾಯ ಬೇಕು: ಸಿಂಗಾಪುರದಲ್ಲಿ ಊಟಕ್ಕೆ ದಿನಕ್ಕೆ ಎಷ್ಟು ಇಟ್ಟುಕೊಳ್ಳಬೇಕು?

ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು 5 ದಿನ ಸಿಂಗಾಪುರಕ್ಕೆ ಹೊರಟಿದ್ದೇನೆ. ಇಬ್ಬರಿಗೂ ಇದೇ ಮೊದಲ ವಿದೇಶ ಪ್ರಯಾಣ. ವಿಮಾನಕ್ಕೆ, ಲಿಟಲ್ ಇಂಡಿಯಾದ ರೂಮಿಗೆ ದುಡ್ಡು ಕಟ್ಟಾಗಿದೆ. ಓಡಾಟಕ್ಕೆ ಎಂಆರ್‌ಟಿ ರೈಲು, ಕುಡಿಯೋಕೆ ನಲ್ಲಿ ನೀರು, ಸಂಜೆ ಗಾರ್ಡನ್ಸ್ ಬೈ ದ ಬೇಯಲ್ಲಿ ಪುಕ್ಕಟೆ ಲೈಟ್ ಶೋ ಅಂತ ಬರೆದಿಟ್ಟಿದ್ದೇನೆ.

ಊಟದ ಲೆಕ್ಕವೇ ಕೂಡುತ್ತಿಲ್ಲ. ಮೂವರೂ ಸಸ್ಯಾಹಾರಿಗಳು. ಅಪ್ಪನಿಗೆ ಶುಗರ್ ಇದೆ, ಹೊತ್ತಿಗೆ ಸರಿಯಾಗಿ ತಿನ್ನಲೇಬೇಕು. ಒಮ್ಮೆ ಪಟ್ಟಿ ಮಾಡಿದಾಗ ದಿನಕ್ಕೆ 60 ಡಾಲರ್ ಬಂತು, ಇನ್ನೊಮ್ಮೆ 110. ಕೆಲವು ಮೆನುಗಳಲ್ಲಿ ಬೆಲೆ ಪಕ್ಕ ‘++’ ಇರುತ್ತದೆ. ಸರ್ವಿಸ್ ಚಾರ್ಜ್ 10%, ಜಿಎಸ್‌ಟಿ 9% ಮೇಲೆ ಬೀಳುತ್ತದೆ ಅಲ್ವಾ? ಅಲ್ಲೇ ಲೆಕ್ಕ ತಪ್ಪುತ್ತಿದೆ.

ಇತ್ತೀಚೆಗೆ ಹೋಗಿ ಬಂದವರು ದಯವಿಟ್ಟು ಹೇಳಿ: ಮೂವರ ಊಟ ತಿಂಡಿಗೆ ದಿನಕ್ಕೆ ಎಷ್ಟು ಸಿಂಗಾಪುರ ಡಾಲರ್ ಇಟ್ಟುಕೊಳ್ಳಲಿ?